ರಾಂಪುರದ ಮಾತು ಯಾವ ಸ್ಟೇಷನ್ನಿನಲ್ಲಿ ಬರುತ್ತೆ?

ಕನ್ನಡದಲ್ಲಿ ‘ಕೇಳು’ ಅನ್ನೋ ಒಂದೇ ಪದಕ್ಕೆ ಎರಡು ಕೆಲಸ. ರೇಡಿಯೋ ಕೇಳ್ತೀವಿ, ಪ್ರಶ್ನೆಯನ್ನೂ ಕೇಳ್ತೀವಿ. ಕಿವಿ ಕೊಡುವುದಕ್ಕೂ ಅದೇ ಪದ, ಬಾಯಿ ತೆಗೆಯುವುದಕ್ಕೂ ಅದೇ. ಪ್ರಜಾಪ್ರಭುತ್ವ ಅನ್ನೋದು ನಡೆಯಬೇಕಾದರೆ ಈ ಎರಡೂ ಬಗೆಯ ಕೇಳುವಿಕೆ ಬೇಕು. ನಮ್ಮ ಕಡೆ ಮೊದಲನೆಯದು ಬೇಕಾದಷ್ಟಿದೆ, ಎರಡನೆಯದಕ್ಕೆ ಜಾಗವೇ ಇಲ್ಲ ಅನ್ನೋದು ನಮ್ಮ ವಾದ.

ನಮ್ಮ ಸಂಘದಲ್ಲಿ ಚಳ್ಳಕೆರೆ, ಮೊಳಕಾಲ್ಮುರು ಕಡೆಯವರು ಕೆಲವರಿದ್ದೇವೆ. ಹಾಸ್ಟೆಲ್ ಮೆಸ್ಸಿನಲ್ಲಿ ಕೂತು ಅಮೆರಿಕದ ಚುನಾವಣೆಯಲ್ಲಿ ಯಾವ ರಾಜ್ಯ ಯಾರ ಕಡೆ ವಾಲಿತು ಅಂತ ಲೆಕ್ಕ ಹೇಳಬಲ್ಲವರು ನಮ್ಮಲ್ಲಿದ್ದಾರೆ. ಅದೇ ಜನಕ್ಕೆ ‘ನಿಮ್ಮೂರಿನ ಗ್ರಾಮಸಭೆ ಕೊನೆಗೆ ಯಾವಾಗ ನಡೀತು?’ ಅಂದರೆ ಮುಖ ಮುಖ ನೋಡಿಕೊಳ್ಳುತ್ತೇವೆ. ಇದನ್ನು ಬರೀ ನಮ್ಮ ಸೋಮಾರಿತನ ಅಂತ ಬೈದರೆ ಅರ್ಧ ಸತ್ಯ ಹೇಳಿದಂತೆ. ವಾಷಿಂಗ್ಟನ್ನಿನ ಸುದ್ದಿ ನಮ್ಮ ಮೊಬೈಲಿಗೆ ತಾನಾಗಿ ಬಂದು ಬೀಳುತ್ತೆ. ರಾಂಪುರದ ಸುದ್ದಿ ಬರೋಕೆ ದಾರಿಯೇ ಇಲ್ಲ.

ಮೊದಲು ಆ ಅಮೆರಿಕದ ಕಥೆಯನ್ನೇ ನೋಡೋಣ, ಅದರಲ್ಲಿ ನಮಗೂ ಪಾಠವಿದೆ. 1967ರಲ್ಲಿ ಅಲ್ಲಿ ಸಾರ್ವಜನಿಕ ಪ್ರಸಾರದ ಕಾಯ್ದೆ ಬಂತು. ಸರ್ಕಾರದ ದುಡ್ಡು ನೇರವಾಗಿ ರೇಡಿಯೋ ಸ್ಟೇಷನ್ನುಗಳಿಗೆ ಹೋದರೆ ಸರ್ಕಾರದ ಮಾತೇ ನಡೆಯುತ್ತೆ ಅಂತ ಮಧ್ಯೆ ಒಂದು ನಿಗಮ ಮಾಡಿದರು. 1970ರಲ್ಲಿ ಎನ್‌ಪಿಆರ್ ಹುಟ್ಟಿತು. 1971ರ ಏಪ್ರಿಲ್‌ನಲ್ಲಿ ಅದು ಮೊದಲು ನೇರಪ್ರಸಾರ ಮಾಡಿದ್ದು ಹಾಡಲ್ಲ, ಭಾಷಣವೂ ಅಲ್ಲ. ವಿಯೆಟ್ನಾಂ ಯುದ್ಧದ ಬಗ್ಗೆ ಅಲ್ಲಿನ ಸೆನೆಟ್ ನಡೆಸಿದ ವಿಚಾರಣೆ. ಸರ್ಕಾರ ಮಾಡುತ್ತಿರುವ ಯುದ್ಧವನ್ನು ಪ್ರಶ್ನಿಸುವ ಸಭೆಯನ್ನು ಮನೆಮನೆಗೆ ಕೇಳಿಸಿದರು. ಸಾರ್ವಜನಿಕ ರೇಡಿಯೋ ಅಂದರೆ ಏನು ಅಂತ ಇದಕ್ಕಿಂತ ಸರಳವಾಗಿ ಹೇಳೋಕಾಗಲ್ಲ.

2025ರ ಜುಲೈನಲ್ಲಿ ಅಲ್ಲಿನ ಕಾಂಗ್ರೆಸ್ ಈ ನಿಗಮಕ್ಕೆ ಎರಡು ವರ್ಷಕ್ಕೆಂದು ಇಟ್ಟಿದ್ದ ಸುಮಾರು 110 ಕೋಟಿ ಡಾಲರ್ ಹಣವನ್ನು ವಾಪಸ್ ಪಡೆಯಿತು. ಮುಂದಿನ ತಿಂಗಳೇ ನಿಗಮ ಬಾಗಿಲು ಹಾಕುವ ತಯಾರಿ ಶುರು ಮಾಡಿತು. ಈ ರೇಡಿಯೋ ಒಂದು ಪಕ್ಷದ ಕಡೆ ವಾಲಿದೆ, ಅದಕ್ಕೆ ತೆರಿಗೆ ಹಣ ಯಾಕೆ ಅನ್ನೋದು ಹಣ ಕಿತ್ತುಕೊಂಡವರ ವಾದ. ಆ ವಾದದ ತಪ್ಪು ಒಪ್ಪು ಅವರಿಗೆ ಬಿಟ್ಟಿದ್ದು. ಆದರೆ ಏಟು ಯಾರಿಗೆ ಬಿತ್ತು ನೋಡಿ. ನ್ಯೂಯಾರ್ಕಿನಂಥ ಊರಿನ ದೊಡ್ಡ ಸ್ಟೇಷನ್ನಿಗೆ ಕೇಳುಗರೇ ಚಂದಾ ಕೊಡ್ತಾರೆ, ಅದು ಹೇಗೋ ಬದುಕುತ್ತೆ. ಅಲಾಸ್ಕಾದ ಮೂಲೆಯ ಹಳ್ಳಿಗಳಲ್ಲಿ, ಮೂಲನಿವಾಸಿಗಳ ಊರುಗಳಲ್ಲಿ, ಸುನಾಮಿ ಎಚ್ಚರಿಕೆಯಿಂದ ಹಿಡಿದು ಊರಿನ ಸಭೆಯವರೆಗೆ ಎಲ್ಲವನ್ನೂ ಹೇಳುತ್ತಿದ್ದ ಪುಟ್ಟ ಸ್ಟೇಷನ್ನುಗಳ ಆದಾಯದಲ್ಲಿ ದೊಡ್ಡ ಪಾಲು ಇದೇ ಹಣ. ಅದೇ ದೇಶದಲ್ಲಿ 2005ರಿಂದ ಈಚೆಗೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಪತ್ರಿಕೆಗಳು ಮುಚ್ಚಿಹೋಗಿವೆ. ಊರ ಸುದ್ದಿ ಹೇಳುವವರೇ ಇಲ್ಲದ ಪ್ರದೇಶಕ್ಕೆ ಅಲ್ಲಿ ‘ಸುದ್ದಿಯ ಮರುಭೂಮಿ’ ಅಂತಲೇ ಹೆಸರಿಟ್ಟಿದ್ದಾರೆ.

ಮರುಭೂಮಿ ಅಂದಾಗ ನಮಗೆ ನೆನಪಾಗೋದು ನಮ್ಮ ಬಯಲುಸೀಮೆಯೇ. ಮಳೆ ವಿಷಯದಲ್ಲಿ ಅಲ್ಲ, ಸುದ್ದಿ ವಿಷಯದಲ್ಲಿ.

ರಾಂಪುರ ಇರೋದು ಮೊಳಕಾಲ್ಮುರು ತಾಲೂಕಿನಲ್ಲಿ, ಬಳ್ಳಾರಿ–ಹಿರಿಯೂರು ಹೆದ್ದಾರಿಯ ಮೇಲೆ. ಜಿಲ್ಲಾ ಕೇಂದ್ರ ಚಿತ್ರದುರ್ಗ ದೂರ, ಬಳ್ಳಾರಿ ಹತ್ತಿರ, ಆಂಧ್ರದ ಗಡಿ ಇನ್ನೂ ಹತ್ತಿರ. ಸಂತೆಯಲ್ಲಿ ಕನ್ನಡ, ತೆಲುಗು ಎರಡೂ ನಡೆಯುತ್ತೆ. ಚಿತ್ರದುರ್ಗ ಆಕಾಶವಾಣಿ 102.6ರಲ್ಲಿದೆ, ಆದರೆ ಒಂದು ಇಡೀ ಜಿಲ್ಲೆಗೆ ಮಾತಾಡುವ ಸ್ಟೇಷನ್ನಿನಲ್ಲಿ ಗಡಿಯ ಒಂದು ಊರಿಗೆ ಎಷ್ಟು ನಿಮಿಷ ಸಿಕ್ಕೀತು? ಪತ್ರಿಕೆಯ ಜಿಲ್ಲಾ ಪುಟದಲ್ಲಿ ರಾಂಪುರ ಕಾಣೋದು ಹೆದ್ದಾರಿಯಲ್ಲಿ ಅಪಘಾತವಾದಾಗ, ಇಲ್ಲವೇ ಮಂತ್ರಿಗಳು ಬಂದಾಗ. ಬಳ್ಳಾರಿ ಆವೃತ್ತಿಯವರಿಗೆ ಅದು ಬೇರೆ ಜಿಲ್ಲೆ, ಚಿತ್ರದುರ್ಗದವರಿಗೆ ಅದು ಜಿಲ್ಲೆಯ ಕೊನೆ.

ಈ ‘ಕೊನೆ’ ಅನ್ನೋದರ ಬೆಲೆ ನಮ್ಮಂಥ ವಿದ್ಯಾರ್ಥಿಗಳಿಗೆ ಗೊತ್ತು. 371(ಜೆ) ವಿಧಿಯ ಮೀಸಲಾತಿ ಬಳ್ಳಾರಿ ಜಿಲ್ಲೆಗಿದೆ. ಮೊಳಕಾಲ್ಮುರಿಗಿಲ್ಲ. ಅದೇ ಕೆಂಪು ಮಣ್ಣು, ಅದೇ ಶೇಂಗಾ, ಅದೇ ಬರ. ಗಡಿಕಲ್ಲಿನ ಆಚೆಯ ಹುಡುಗನಿಗೆ ಸಿಇಟಿ ಕೌನ್ಸೆಲಿಂಗಿನಲ್ಲಿ ಒಂದು ಬಾಗಿಲು ಹೆಚ್ಚು ತೆರೆದಿರುತ್ತೆ, ಈಚೆಯ ಹುಡುಗಿಗೆ ಅದು ಇಲ್ಲ. ಇದಕ್ಕೆ ಇತಿಹಾಸದ ಕಾರಣಗಳಿವೆ. ಮೊಳಕಾಲ್ಮುರು ಹಳೇ ಮೈಸೂರು ಸಂಸ್ಥಾನದಲ್ಲಿತ್ತು, ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿದ್ದು 1953ರಲ್ಲಿ ಮೈಸೂರಿಗೆ ಸೇರಿತು. ಕೊಡಬೇಕೋ ಬೇಡವೋ ಅನ್ನೋದಕ್ಕೆ ಎರಡು ಕಡೆಯ ವಾದಗಳೂ ಇರಬಹುದು. ಆದರೆ ಆ ವಾದವನ್ನು ಊರವರು ಕೂತು ಮಾಡೋಕೆ, ಅಧಿಕಾರಿಯನ್ನು ಕರೆಸಿ ‘ಸ್ವಾಮಿ, ಇದು ಯಾಕೆ ಹೀಗೆ?’ ಅಂತ ಕೇಳೋಕೆ ಜಾಗ ಎಲ್ಲಿದೆ?

ಮತ ಹಾಕೋದರಲ್ಲಿ ನಮ್ಮವರು ಹಿಂದೆ ಬಿದ್ದವರಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ಚಿತ್ರದುರ್ಗ ಕ್ಷೇತ್ರದಲ್ಲಿ ಸುಮಾರು ಶೇ. 73 ಮತದಾನ ಆಯ್ತು. ಬೆಂಗಳೂರು ದಕ್ಷಿಣದಲ್ಲಿ ಶೇ. 53ರ ಆಸುಪಾಸು. ಅಮೆರಿಕದ ಅಧ್ಯಕ್ಷರ ಚುನಾವಣೆಯಲ್ಲೂ ಆ ವರ್ಷ ಶೇ. 64ರ ಆಸುಪಾಸು ಅಷ್ಟೇ. ಅಂದರೆ ಬೂತಿಗೆ ಹೋಗೋ ವಿಷಯದಲ್ಲಿ ನಮ್ಮ ಅಜ್ಜಿಯರು ಅಮೆರಿಕನ್ನರನ್ನೂ ಬೆಂಗಳೂರಿನ ಟೆಕ್ಕಿಗಳನ್ನೂ ಸೋಲಿಸ್ತಾರೆ. ತೊಂದರೆ ಇರೋದು ಬೆರಳಿಗೆ ಶಾಯಿ ಹಚ್ಚಿಸಿಕೊಂಡ ಮೇಲೆ. ಕರ್ನಾಟಕದಲ್ಲಿ ತಾಲೂಕು, ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆದಿತ್ತು. 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ, ಅಧಿಕಾರಿಗಳದೇ ಆಡಳಿತ. ದೇಶಕ್ಕೆ ಪಂಚಾಯತ್ ರಾಜ್ ಪಾಠ ಹೇಳಿದ ರಾಜ್ಯ ನಮ್ಮದು. ಇಂಥದ್ದು ನಡೆದಾಗ ಎಷ್ಟು ಊರುಗಳಲ್ಲಿ ಗಲಾಟೆ ಆಯ್ತು? ಗಲಾಟೆ ಬಿಡಿ, ಎಷ್ಟು ಜನಕ್ಕೆ ಗೊತ್ತಾಯ್ತು?

ಗೊತ್ತಾಗದೇ ಇರೋದರಿಂದ ಏನಾಗುತ್ತೆ ಅಂತ ತಿಳಿಯೋಕೆ ದೂರ ಹೋಗಬೇಕಾಗಿಲ್ಲ, ಪಕ್ಕದ ಚಳ್ಳಕೆರೆ ತಾಲೂಕು ಸಾಕು. ಇದು ನಮ್ಮ ಬ್ರ್ಯಾಂಚಿನವರಿಗೆಲ್ಲ ಆಪ್ತ ಆಗಿರೋ ವಿಷಯ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳ್ತೀವಿ.

2023ರ ಏಪ್ರಿಲ್ 2ರಂದು ಇಸ್ರೋ ತನ್ನ ಮರುಬಳಕೆ ಉಡ್ಡಯನ ವಾಹನವನ್ನು ಹೆಲಿಕಾಪ್ಟರಿನಿಂದ ಬಿಟ್ಟು ರನ್‌ವೇ ಮೇಲೆ ತಾನಾಗಿ ಇಳಿಸಿತಲ್ಲ, ಆ ರನ್‌ವೇ ಇರೋದು ಚಳ್ಳಕೆರೆ ತಾಲೂಕಿನ ಡಿಆರ್‌ಡಿಒ ಪರೀಕ್ಷಾ ಕ್ಷೇತ್ರದಲ್ಲಿ. ಅವತ್ತು ಆ ವಿಡಿಯೋ ನೋಡದ ಇಂಜಿನಿಯರಿಂಗ್ ಸ್ಟೂಡೆಂಟ್ ಇರಲಿಕ್ಕಿಲ್ಲ. ಕುದಾಪುರದಲ್ಲಿ ಐಐಎಸ್‌ಸಿಗೆ 1,500 ಎಕರೆ ಕ್ಯಾಂಪಸ್ ಇದೆ. ಬಾರ್ಕ್‌ಗೂ ಅಲ್ಲಿ ಜಾಗ ಇದೆ. ಎಲ್ಲ ಸೇರಿ ಸುಮಾರು 10,000 ಎಕರೆ. ಈ ಭೂಮಿ ಖಾಲಿ ಬಿದ್ದ ಜಾಗ ಆಗಿರಲಿಲ್ಲ. ಅದು ಅಮೃತಮಹಲ್ ಕಾವಲು: ಮೈಸೂರು ಅರಸರ ಕಾಲದಿಂದ ದನಗಳಿಗೆಂದು ಬಿಟ್ಟ ಹುಲ್ಲುಗಾವಲು. ಸುತ್ತಲ ಹಳ್ಳಿಗಳ ಕುರಿ, ದನ ಮೇಯುತ್ತಿದ್ದ ಜಾಗ. ಚಳ್ಳಕೆರೆ ಕಂಬಳಿಯ ಉಣ್ಣೆ ಬರುತ್ತಿದ್ದದ್ದು ಇಂಥ ಬಯಲಲ್ಲಿ ಮೇಯ್ದ ಕುರಿಗಳಿಂದ. ‘ನಮ್ಮನ್ನು ಯಾರೂ ಕೇಳಲಿಲ್ಲ, ಗೋಡೆ ಎದ್ದ ಮೇಲೆ ಗೊತ್ತಾಯ್ತು’ ಅನ್ನೋದು ಆ ಹಳ್ಳಿಗಳವರ ದೂರಾಗಿತ್ತು. ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು.

ನಾವು ಇಸ್ರೋಗೆ, ಡಿಆರ್‌ಡಿಒಗೆ ವಿರೋಧಿಗಳಲ್ಲ. ನಮ್ಮಲ್ಲಿ ಅರ್ಧ ಜನ ಅಲ್ಲಿ ಕೆಲಸಕ್ಕೆ ಅರ್ಜಿ ಹಾಕುವವರೇ. ನಮ್ಮ ಪ್ರಶ್ನೆ ಬೇರೆ. ಅಂಥ ನಿರ್ಧಾರ ಕಡತದಲ್ಲಿ ಓಡಾಡುತ್ತಿದ್ದಾಗ, ಆ ಕಾವಲಿನ ಸುತ್ತ ಹದಿನೈದು ಕಿಲೋಮೀಟರಿಗೆ ಕೇಳುವ ಒಂದು ರೇಡಿಯೋ ಇದ್ದಿದ್ದರೆ? ಸರ್ವೆ ನಂಬರುಗಳನ್ನು ಸಂಜೆ ಓದಿ ಹೇಳಿದ್ದರೆ? ತಹಶೀಲ್ದಾರರನ್ನು ಕೂರಿಸಿ ಕುರಿಗಾಹಿಯೊಬ್ಬ ಎದುರಿಂದ ಪ್ರಶ್ನೆ ಕೇಳಿದ್ದರೆ? ಬಹುಶಃ ಕ್ಯಾಂಪಸ್ಸು ಆಗಲೂ ಬರುತ್ತಿತ್ತು. ಆದರೆ ಮೇವಿಗೆ ಎಷ್ಟು ಜಾಗ ಬಿಡಬೇಕು, ದಾರಿ ಎಲ್ಲಿರಬೇಕು, ಕೆಲಸ ಯಾರಿಗೆ ಅನ್ನೋದೆಲ್ಲ ಗೋಡೆ ಏಳುವ ಮುಂಚೆ ಮಾತಾಗುತ್ತಿತ್ತು. ಗೋಡೆ ಎದ್ದ ಮೇಲೆ ಮಾತಾಡಬೇಕಾದರೆ ಲಾಯರ್ ಇಡಬೇಕು.

ಮೊಳಕಾಲ್ಮುರು ತಾಲೂಕಿನಲ್ಲಿ ‘ಸಾರ್ವಜನಿಕ ಪ್ರಸಾರ’ಕ್ಕೆ ಎರಡು ಸಾವಿರ ವರ್ಷಕ್ಕೂ ಮೀರಿದ ಇತಿಹಾಸ ಇದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಅಶೋಕನ ಶಾಸನಗಳನ್ನು 1892ರಲ್ಲಿ ಬಿ. ಎಲ್. ರೈಸ್ ಪತ್ತೆ ಮಾಡಿದರು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಆದೇಶ ಅದು. ತಂದೆತಾಯಿಯ ಮಾತು ಕೇಳಿ, ಪ್ರಾಣಿಗಳ ಮೇಲೆ ದಯೆ ಇರಲಿ, ಸತ್ಯ ಹೇಳಿ ಅಂತ. ಮಾತು ಒಳ್ಳೆಯದೇ. ಆದರೆ ಇಸಿಲದ ಜನ ತಿರುಗಿ ಏನಂದರು ಅಂತ ಯಾವ ಬಂಡೆಯ ಮೇಲೂ ಬರೆದಿಲ್ಲ. ಆಮೇಲೆ ಡಂಗುರ ಬಂತು. ತಮಟೆ ಹೊಡೆದು ಊರಿಗೆಲ್ಲ ಸಾರಿ ಮುಂದೆ ಹೋಗುವವನು. ಅವನನ್ನು ನಿಲ್ಲಿಸಿ ಪ್ರಶ್ನೆ ಕೇಳುವ ಹಾಗಿಲ್ಲ. ನಮ್ಮೂರುಗಳಲ್ಲಿ ಡಂಗುರದ ಜೊತೆ ಅರಳೀಕಟ್ಟೆಯೂ ಇತ್ತು, ಅಲ್ಲಿ ಪ್ರಶ್ನೆ ಕೇಳಬಹುದಿತ್ತು. ಕಟ್ಟೆ ಎಲ್ಲರದ್ದೂ ಆಗಿರಲಿಲ್ಲ ಅನ್ನೋದನ್ನೂ ಮರೆಯಬಾರದು. ಹೆಣ್ಣುಮಕ್ಕಳು, ಕೇರಿಯವರು ಆ ಕಟ್ಟೆ ಹತ್ತುವಂತಿರಲಿಲ್ಲ. ನಮಗೆ ಬೇಕಾದದ್ದು ಎಲ್ಲರೂ ಹತ್ತಬಹುದಾದ ಕಟ್ಟೆ.

ರೇಡಿಯೋ ಡಂಗುರವೂ ಆಗಬಹುದು, ಕಟ್ಟೆಯೂ ಆಗಬಹುದು. ನಮ್ಮ ದೇಶದಲ್ಲಿ ಅದು ಬಹುಕಾಲ ಡಂಗುರವೇ. ಶುರುವಾದ ಬಗೆ ಮಾತ್ರ ಚೆನ್ನಾಗಿತ್ತು. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಒಂದು ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರು ಮಾಡಿದರು. ‘ಆಕಾಶವಾಣಿ’ ಅನ್ನೋ ಹೆಸರು ಅಲ್ಲೇ ಹುಟ್ಟಿ, ಆಮೇಲೆ ಇಡೀ ದೇಶದ ರೇಡಿಯೋಗೆ ಬಂತು. ಅಮೆರಿಕದಲ್ಲೂ ಹೆಚ್ಚುಕಡಿಮೆ ಹೀಗೇ: ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದವರು 1910ರ ದಶಕದಲ್ಲೇ ಪ್ರಯೋಗಕ್ಕಂತ ಕಟ್ಟಿದ ಸ್ಟೇಷನ್ನು ರೈತರಿಗೆ ಹವಾಮಾನ, ಮಾರುಕಟ್ಟೆ ಧಾರಣೆ ಹೇಳುತ್ತಾ ಸಾರ್ವಜನಿಕ ರೇಡಿಯೋ ಆಗಿ ಬೆಳೆಯಿತು. ಎರಡು ಕಡೆಯೂ ಮೊದಲ ಹೆಜ್ಜೆ ಇಟ್ಟದ್ದು ಕಾಲೇಜಿನವರು ಅನ್ನೋದನ್ನು ಅಡಿಗೆರೆ ಹಾಕಿ ಇಟ್ಟುಕೊಳ್ಳಿ.

1975ರ ಜೂನ್ 26ರ ಬೆಳಿಗ್ಗೆ ತುರ್ತು ಪರಿಸ್ಥಿತಿಯ ಘೋಷಣೆಯನ್ನು ದೇಶ ಕೇಳಿದ್ದು ಇದೇ ಆಕಾಶವಾಣಿಯಲ್ಲಿ. ಮುಂದಿನ ಇಪ್ಪತ್ತೊಂದು ತಿಂಗಳು ಸರ್ಕಾರ ಹೇಳಿದ್ದಷ್ಟೇ ಸುದ್ದಿ. ಅದರ ಪಾಠವಾಗಿ ಬಿ. ಜಿ. ವರ್ಗೀಸ್ ಸಮಿತಿ 1978ರಲ್ಲಿ ಸ್ವಾಯತ್ತ ಸಂಸ್ಥೆ ಬೇಕು ಅಂದಿತು. ಪ್ರಸಾರ ಭಾರತಿ ಕಾಯ್ದೆ ಬಂದದ್ದು 1990ರಲ್ಲಿ, ಜಾರಿಗೆ ಬಂದದ್ದು 1997ರಲ್ಲಿ. ಹೆಸರಿಗೆ ಸ್ವಾಯತ್ತ, ದುಡ್ಡಿಗೆ ದೆಹಲಿಯತ್ತಲೇ ನೋಡಬೇಕು. ಈ ನಡುವೆ 1995ರಲ್ಲಿ ಸುಪ್ರೀಂ ಕೋರ್ಟು ಒಂದು ದೊಡ್ಡ ಮಾತು ಹೇಳಿತು. ಕ್ರಿಕೆಟ್ ಪ್ರಸಾರದ ಹಕ್ಕಿನ ಜಗಳದಲ್ಲಿ ಬಂದ ತೀರ್ಪು ಅದು: ಗಾಳಿಯಲ್ಲಿನ ತರಂಗಗಳು ಸಾರ್ವಜನಿಕ ಆಸ್ತಿ. ಸರ್ಕಾರದ್ದಲ್ಲ, ಕಂಪನಿಯದ್ದೂ ಅಲ್ಲ. ಕೆರೆಯ ನೀರು, ಗೋಮಾಳದ ಹುಲ್ಲು ಹೇಗೋ, 90.4 ಮೆಗಾಹರ್ಟ್ಸ್ ಕೂಡಾ ಹಾಗೆ. ಅದರಲ್ಲಿ ರಾಂಪುರಕ್ಕೂ ಪಾಲಿದೆ.

ಆ ಪಾಲನ್ನು ಕೇಳೋಕೆ ಕಾನೂನಿನಲ್ಲಿ ದಾರಿಯೂ ಇದೆ, ಸಮುದಾಯ ಬಾನುಲಿ. 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ, 2006ರಲ್ಲಿ ಲಾಭಕ್ಕಲ್ಲದ ಸಂಸ್ಥೆಗಳಿಗೂ ಅನುಮತಿ ಸಿಕ್ಕಿತು. ಇಂಜಿನಿಯರಿಂಗ್ ಲೆಕ್ಕದಲ್ಲಿ ಇದು ಸಣ್ಣ ಕೆಲಸ: 100 ವ್ಯಾಟ್ ಪರಿಣಾಮಕಾರಿ ವಿಕಿರಣ ಶಕ್ತಿ, 30 ಮೀಟರ್‌ವರೆಗಿನ ಆಂಟೆನಾ, ಹತ್ತು-ಹದಿನೈದು ಕಿಲೋಮೀಟರ್ ವ್ಯಾಪ್ತಿ. ಕಾರ್ಯಕ್ರಮದಲ್ಲಿ ಅರ್ಧದಷ್ಟಾದರೂ ಊರಿನವರೇ ಮಾಡಿದ್ದಿರಬೇಕು ಅನ್ನೋ ನಿಯಮ ಇದೆ. ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯ, ಅಂದರೆ ನಮ್ಮಂಥವರೇ ಓದುವ ಜಾಗ, 2004ರಲ್ಲಿ ದೇಶದ ಮೊದಲ ಕ್ಯಾಂಪಸ್ ಸಮುದಾಯ ಬಾನುಲಿ ಶುರು ಮಾಡಿತು. ನಮ್ಮಲ್ಲಿ ಕೋಲಾರ ಜಿಲ್ಲೆಯ ಬೂದಿಕೋಟೆಯವರು ಲೈಸೆನ್ಸ್ ಸಿಗೋಕೂ ಕಾಯಲಿಲ್ಲ. 2003ರಲ್ಲೇ ‘ನಮ್ಮ ಧ್ವನಿ’ಯನ್ನು ಕೇಬಲ್ ತಂತಿಯ ಮೂಲಕ ಮನೆಗಳಿಗೆ ಮುಟ್ಟಿಸಿದರು. ಸರಗೂರಿನ ಜನಧ್ವನಿ, ತುಮಕೂರಿನ ರೇಡಿಯೋ ಸಿದ್ಧಾರ್ಥ, ಮಂಗಳೂರಿನ ಸಾರಂಗ್ ಎಲ್ಲ ಆಮೇಲೆ ಬಂದವು. ಆದರೂ ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿರುವ ದೇಶದಲ್ಲಿ ಇಂಥ ಸ್ಟೇಷನ್ನುಗಳು ಇನ್ನೂ ಐನೂರು ಚಿಲ್ಲರೆ.

ಇದರಲ್ಲಿ ಒಂದು ದೊಡ್ಡ ಕೊರತೆ ಇದೆ, ಅದನ್ನು ನೇರವಾಗಿ ಹೇಳಬೇಕು. ಸಮುದಾಯ ಬಾನುಲಿ ಸ್ವಂತ ಸುದ್ದಿ ಪ್ರಸಾರ ಮಾಡುವಂತಿಲ್ಲ. ಆಕಾಶವಾಣಿಯ ಸುದ್ದಿಯನ್ನು ಬೇಕಾದರೆ ಇದ್ದಂತೆಯೇ ಹಾಕಬಹುದು. ನೀರು ಯಾವ ದಿನ ಬರುತ್ತೆ, ಕರೆಂಟ್ ಯಾವಾಗ ಹೋಗುತ್ತೆ ಅಂತ ಆಡಳಿತ ಕೊಟ್ಟ ಮಾಹಿತಿ ಹೇಳಬಹುದು. ನೀರು ಯಾಕೆ ಬರಲಿಲ್ಲ ಅಂತ ವರದಿ ಮಾಡಹೊರಟರೆ ಅದು ‘ಸುದ್ದಿ’ ಆಗಿಬಿಡುವ ಭಯ. ಟಿವಿಯಲ್ಲಿ ಇಪ್ಪತ್ನಾಲ್ಕು ಗಂಟೆ ಕಿರುಚಾಡಬಹುದು, ಯೂಟ್ಯೂಬಿನಲ್ಲಿ ಯಾರು ಏನು ಬೇಕಾದರೂ ಹೇಳಬಹುದು, ಹದಿನೈದು ಕಿಲೋಮೀಟರಿನ ರೇಡಿಯೋ ಮಾತ್ರ ದೇಶಕ್ಕೆ ಅಪಾಯ! ಈ ನಿರ್ಬಂಧದ ವಿರುದ್ಧ ಕಾಮನ್ ಕಾಸ್ ಸಂಸ್ಥೆ 2013ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ನಿರ್ಬಂಧ ಹೋಗಬೇಕು ಅನ್ನೋದು ನಮ್ಮ ನಿಲುವು. ಕನಿಷ್ಠ ಪಕ್ಷ ಗ್ರಾಮಸಭೆ, ವಾರ್ಡ್‌ಸಭೆಗಳ ಕಲಾಪವನ್ನು ಇದ್ದಂತೆ ಪ್ರಸಾರ ಮಾಡೋಕೆ ಸ್ಪಷ್ಟವಾಗಿ ಅವಕಾಶ ಕೊಡಲಿ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು ಅನ್ನೋದು ಕಾನೂನು. ಅದು ಗುಟ್ಟಿನ ಸಭೆ ಅಲ್ಲವಲ್ಲ.

‘ಈ ಕಾಲದಲ್ಲಿ ರೇಡಿಯೋ ಯಾರು ಕೇಳ್ತಾರೆ, ವಾಟ್ಸಾಪ್ ಗ್ರೂಪ್ ಸಾಲದಾ?’ ಅಂತ ನಮ್ಮ ಸಂಘದೊಳಗೇ ವಾದ ಆಯ್ತು. ವಾಟ್ಸಾಪಿನಲ್ಲಿ ಊರು ಒಂದು ಗ್ರೂಪ್ ಆಗಿಲ್ಲ. ಈ ಪಕ್ಷದ್ದೊಂದು, ಆ ಪಕ್ಷದ್ದೊಂದು, ಆ ಜಾತಿಯದ್ದೊಂದು, ಈ ಓಣಿಯದ್ದೊಂದು. ಅಡ್ಮಿನ್‌ಗೆ ಸಿಟ್ಟು ಬಂದರೆ ರಿಮೂವ್. ಸುಳ್ಳು ಬಂದರೆ ಹೊಣೆ ಯಾರು? ‘ಫಾರ್ವರ್ಡ್ ಆಗಿ ಬಂತಣ್ಣ’ ಅಂದರೆ ಮುಗೀತು. ರೇಡಿಯೋಗೆ ವಿಳಾಸ ಇದೆ, ಲೈಸೆನ್ಸ್ ಇದೆ, ಮಾತಾಡಿದ್ದರ ರೆಕಾರ್ಡಿಂಗನ್ನು ಮೂರು ತಿಂಗಳು ಇಟ್ಟಿರಬೇಕು. ಮಗ್ಗದ ಮುಂದೆ ಕೂತು ಮೊಳಕಾಲ್ಮುರು ಸೀರೆ ನೇಯುವವರು ಕೈ ಬಿಡದೆ, ಓದು ಬರದವರು ಅಕ್ಷರದ ಹಂಗಿಲ್ಲದೆ, ಶೇಂಗಾ ಬಿಡಿಸುವ ಹೆಂಗಸರು ಕೂತಲ್ಲೇ ಕೇಳಬಹುದು. ಡೇಟಾ ಖಾಲಿ ಆಗಲ್ಲ. ಅದೇ ಕಾರ್ಯಕ್ರಮವನ್ನು ಆಮೇಲೆ ವಾಟ್ಸಾಪಿಗೂ ಹಾಕಿ, ಯಾರು ಬೇಡ ಅಂದರು?

‘ಊರ ಗೌಡರೋ ಎಮ್ಮೆಲ್ಲೆ ಕಡೆಯವರೋ ಮೈಕ್ ಹಿಡಿದುಕೊಂಡರೆ?’ ಅನ್ನೋ ಪ್ರಶ್ನೆ ಹೆಚ್ಚು ಗಂಭೀರ. ಅದಕ್ಕೆ ಪೂರ್ತಿ ಉತ್ತರ ನಮ್ಮಲ್ಲಿಲ್ಲ, ಯಾರಲ್ಲೂ ಇರಲ್ಲ. ಅಮೆರಿಕದಲ್ಲಿ ಆದದ್ದು ಹೇಳೋದು ಇಷ್ಟೇ: ಒಂದೇ ಕೈಯಿಂದ ದುಡ್ಡು ಬಂದರೆ, ಆ ಕೈ ಮುಚ್ಚಿದ ದಿನ ಬಾಯಿಯೂ ಮುಚ್ಚುತ್ತೆ. ಹಾಗಾಗಿ ಸ್ವಲ್ಪ ಸರ್ಕಾರದ ಸಹಾಯಧನ, ಸ್ವಲ್ಪ ಊರಿನ ಅಂಗಡಿಗಳ ಜಾಹೀರಾತು, ಸ್ವಲ್ಪ ಕೇಳುಗರ ವಂತಿಗೆ. ಜಾತ್ರೆಗೆ ಪಟ್ಟಿ ಎತ್ತೋಕೆ ಬರುವ ಊರಿಗೆ ರೇಡಿಯೋಗೆ ಪಟ್ಟಿ ಎತ್ತೋದು ಕಷ್ಟ ಅಲ್ಲ. ಕಾರ್ಯಕ್ರಮ ನೋಡಿಕೊಳ್ಳುವ ಸಮಿತಿಯಲ್ಲಿ ಅರ್ಧ ಹೆಣ್ಣುಮಕ್ಕಳಿರಲಿ, ಎಲ್ಲ ಕೇರಿಯವರೂ ಇರಲಿ, ಪಕ್ಷದ ಪದಾಧಿಕಾರಿಗಳು ಬೇಡ. ತೆಲುಗು ಮನೆಮಾತಿನವರು ತೆಲುಗಿನಲ್ಲೇ ಕೇಳಿದರೂ ಉತ್ತರ ಸಿಗಲಿ. ಕನ್ನಡ ಸಂಘದವರು ಹೀಗೆ ಹೇಳಬಹುದಾ ಅಂದರೆ, ಗಡಿಯಲ್ಲಿ ಕನ್ನಡ ಉಳಿದಿರುವುದೇ ಹೀಗೆ ಕೊಟ್ಟು ತಗೊಂಡು.

ಹಾಗಾದರೆ ನಾವೇನು ಮಾಡಬಹುದು? ಸ್ಟೇಷನ್ ಕಟ್ಟೋದು ವರ್ಷಗಳ ಕೆಲಸ; ಅನುಮತಿಗೆ ಸಂಸ್ಥೆಯೊಂದು ಅರ್ಜಿ ಹಾಕಬೇಕು, ನಾಲ್ಕಾರು ಇಲಾಖೆ ದಾಟಬೇಕು. ಅಲ್ಲಿವರೆಗೆ ಸುಮ್ಮನಿರಬೇಕಾಗಿಲ್ಲ. ಬೂದಿಕೋಟೆಯವರು ಅನುಮತಿಗಿಂತ ಮೊದಲು ದನಿ ಹುಡುಕಿದರು. ಪ್ರತಿ ಸೆಮಿಸ್ಟರ್ ರಜೆಯಲ್ಲಿ ನಮ್ಮ ಸಂಘದಿಂದ ಇಬ್ಬಿಬ್ಬರು ತಮ್ಮ ತಮ್ಮ ಊರಿನ ಗ್ರಾಮಸಭೆಗೆ ಹೋಗಿ ಕೂರೋಣ. ಅನುಮತಿ ಪಡೆದು ರೆಕಾರ್ಡ್ ಮಾಡೋಣ. ಅರ್ಧ ಗಂಟೆಯ ಆಡಿಯೋ ಮಾಡಿ ಊರಿನ ಗ್ರೂಪುಗಳಿಗೆಲ್ಲ, ಎಲ್ಲ ಪಕ್ಷದ ಗ್ರೂಪುಗಳಿಗೂ, ಕಳಿಸೋಣ. ತುಂಗಭದ್ರಾ ಹಿನ್ನೀರಿನ ಕುಡಿಯುವ ನೀರಿನ ಯೋಜನೆ ನಮ್ಮ ತಾಲೂಕಿನ ಹೆಸರಲ್ಲೂ ಇದೆ. ಅದು ನಮ್ಮೂರಲ್ಲಿ ಎಲ್ಲಿಗೆ ಬಂತು ಅಂತ ಎಂಜಿನಿಯರನ್ನೇ ಕೇಳಿ, ಉತ್ತರವನ್ನು ಅವರ ದನಿಯಲ್ಲೇ ಕೇಳಿಸೋಣ. ಇಸಿಇಯವರಿಗೆ ಕಡಿಮೆ ಶಕ್ತಿಯ ಟ್ರಾನ್ಸ್‌ಮಿಟರ್ ವಿನ್ಯಾಸ ಒಳ್ಳೇ ಫೈನಲ್ ಇಯರ್ ಪ್ರಾಜೆಕ್ಟ್. ಲೈಸೆನ್ಸ್ ಇಲ್ಲದೆ ಗಾಳಿಗೆ ಬಿಡೋದು ಅಪರಾಧ, ಆದ್ದರಿಂದ ಲ್ಯಾಬಿನ ಡಮ್ಮಿ ಲೋಡಿಗೇ ನಿಲ್ಲಲಿ! ಸಿಎಸ್‌ನವರು ಪಂಚಾಯಿತಿಯ ಲೆಕ್ಕಪತ್ರವನ್ನು ಮೂರು ನಿಮಿಷದ ಮಾತಾಗಿಸುವುದು ಹೇಗೆ ಅಂತ ನೋಡಲಿ. ಇನ್ನು ಕಾಲೇಜಿನ ಆಡಳಿತ ಮಂಡಳಿಗೆ ನಮ್ಮ ವಿನಂತಿ: ಫೆಸ್ಟಿಗೆ ತರಿಸುವ ಸೌಂಡ್ ಸಿಸ್ಟಂ ಬಗ್ಗೆ ಯೋಚಿಸುವಷ್ಟೇ ಕಾಳಜಿಯಿಂದ ಒಂದು ಸಮುದಾಯ ಬಾನುಲಿಯ ಅರ್ಜಿಯ ಬಗ್ಗೆಯೂ ಯೋಚಿಸಿ. ಶಿಕ್ಷಣ ಸಂಸ್ಥೆಗಳಿಗೆ ಆ ಬಾಗಿಲು 2002ರಿಂದ ತೆರೆದೇ ಇದೆ.

ಮುಂದಿನ ರಜೆಗೆ ಮೊಳಕಾಲ್ಮುರು, ಚಳ್ಳಕೆರೆ ಕಡೆ ಹೋಗುವವರು ಈ ವಾರವೇ ಸಂಘದ ಕೋಣೆಗೆ ಬಂದು ಹೆಸರು ಕೊಡಿ. ಬೇರೆ ತಾಲೂಕಿನವರೂ ಬನ್ನಿ, ನಿಮ್ಮೂರಿಗೂ ಒಂದು ಪಂಚಾಯಿತಿ ಇದೆ. ರೆಕಾರ್ಡರ್ ಬೇಕಿಲ್ಲ, ಜೇಬಿನಲ್ಲಿರೋ ಫೋನ್ ಸಾಕು. ಹೋಗುವ ಮುಂಚೆ ಒಂದು ಪ್ರಶ್ನೆ ಬರೆದಿಟ್ಟುಕೊಳ್ಳಿ. ಉತ್ತರ ಬರುವವರೆಗೂ ಕೇಳಿ.